ಸೊಂಟದುದ್ದದ ಕಪ್ಪು ಕೂದಲಿಗೆ ಹೊಂಬಣ್ಣ ಹಾಕಿಸಬಹುದೇ? ಕೊಡಗಿನಲ್ಲಿರುವವರ ಅನುಭವ ಬೇಕು

ಕಾಫಿಹೂ (27 ಜುಲೈ)

ಎಲ್ಲರಿಗೂ ನಮಸ್ಕಾರ. ನಾನು ಸುಂಟಿಕೊಪ್ಪದ ಸಮೀಪದ ತೋಟದ ಮನೆಯಲ್ಲಿರುವವಳು, ವಯಸ್ಸು 36. ಬೆಂಗಳೂರಿನ ಕಚೇರಿಯೊಂದರ ಲೆಕ್ಕಪತ್ರದ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ನನ್ನ ಕೂದಲು ಸೊಂಟದವರೆಗೆ ಇಳಿಯುತ್ತದೆ, ಕಪ್ಪು, ದಪ್ಪ ಎಳೆಯದು. ಅದನ್ನು ಒಮ್ಮೆಯಾದರೂ ಪೂರ್ತಿಯಾಗಿ ಹೊಂಬಣ್ಣಕ್ಕೆ, ಅಂದರೆ ಪಾರ್ಲರಿನವರು ಬ್ಲಾಂಡ್ ಎಂದು ಕರೆಯುವ ಬಣ್ಣಕ್ಕೆ, ತಿರುಗಿಸಿ ನೋಡಬೇಕೆಂಬ ಆಸೆ ಕಾಲೇಜಿನ ದಿನಗಳಿಂದ ಇದೆ. ಆಗ ಹಣವಿರಲಿಲ್ಲ, ಆಮೇಲೆ ಧೈರ್ಯವಿರಲಿಲ್ಲ. ಈಗ ಎರಡೂ ತಕ್ಕಮಟ್ಟಿಗೆ ಕೂಡಿಬಂದಿವೆ.

ಡಿಸೆಂಬರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ ಇರುವುದರಿಂದ ಅದಕ್ಕೆ ಮೊದಲು ಮಾಡಿಸುವುದೋ, ಮುಗಿದ ಮೇಲೆ ಮಾಡಿಸುವುದೋ, ಅಥವಾ ಆಸೆಯನ್ನೇ ಕೈಬಿಡುವುದೋ ಎಂಬ ಗೊಂದಲದಲ್ಲಿದ್ದೇನೆ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳೆಲ್ಲ ಹುಟ್ಟಾ ಕಂದು ಕೂದಲಿನವರಿಗೆ, ಒಣಹವೆಯ ಊರುಗಳಿಗೆ ಬರೆದಂತಿವೆ. ಮಳೆಗಾಲದಲ್ಲಿ ವಾರವಾದರೂ ಬಟ್ಟೆ ಒಣಗದ ನಮ್ಮ ಜಿಲ್ಲೆಯಲ್ಲಿ ಬ್ಲೀಚ್ ಮಾಡಿದ ಕೂದಲನ್ನು ನಿಭಾಯಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಜನ ಏನೆನ್ನುತ್ತಾರೆ ಎಂಬ ಪ್ರಶ್ನೆಯನ್ನು ನಾನು ಮನೆಯಲ್ಲಿ ಈಗಾಗಲೇ ಇತ್ಯರ್ಥಪಡಿಸಿಕೊಂಡಿದ್ದೇನೆ. ಅಮ್ಮ ಮೂರು ದಿನ ಮಾತು ಬಿಟ್ಟರು, ನಾಲ್ಕನೆಯ ದಿನ ತಾವೇ ಬಂದು ಯಾವ ಬಣ್ಣವೆಂದು ಕೇಳಿದರು.

ನಾಪೋಕ್ಲು ಹುಡುಗ (27 ಜುಲೈ)

ಅಕ್ಕ, ಇಷ್ಟೊಂದು ಯೋಚಿಸುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ನಾನು ಕಳೆದ ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಹಾಯಿಸುವ ಗಡಿಬಿಡಿಯ ನಡುವೆಯೇ ಒಂದು ಭಾನುವಾರ ಮಧ್ಯಾಹ್ನ ಮನೆಯಲ್ಲಿ ಬ್ಲೀಚ್ ಪುಡಿಯನ್ನು 40 ವಾಲ್ಯೂಮಿನ ಡೆವಲಪರಿನಲ್ಲಿ, ಅಂದರೆ ಪೆರಾಕ್ಸೈಡ್ ದ್ರವದಲ್ಲಿ, ಕಲಸಿ ತಲೆಗೆ ಹಚ್ಚಿಕೊಂಡೆ. ಮುಕ್ಕಾಲು ಗಂಟೆಯಲ್ಲಿ ಕೂದಲು ಹಳದಿಯಾಯಿತು. ನೆತ್ತಿ ಎರಡು ದಿನ ಉರಿಯಿತು, ಅಲ್ಲಲ್ಲಿ ಚಕ್ಕೆ ಎದ್ದಿತು, ಅಷ್ಟೇ. ತೋಟದಲ್ಲಿ ಆನೆ ಬಂದರೂ ದೂರದಿಂದಲೇ ನನ್ನನ್ನು ಗುರುತಿಸುತ್ತದೆ ಎಂದು ಕೆಲಸದವರು ನಕ್ಕರು. ಮೂರು ತಿಂಗಳಿಗೆ ಎಲ್ಲವನ್ನೂ ಕತ್ತರಿಸಿದೆ, ಈಗ ಮತ್ತೆ ಕಪ್ಪು.

ಬಾಚಣಿಗೆ (27 ಜುಲೈ)

ತಮ್ಮಾ, ನಿನ್ನ ತಲೆಯ ಮೇಲಿದ್ದದ್ದು ನಾಲ್ಕು ಬೆರಳು ಉದ್ದದ, ನಾಲ್ಕೈದು ತಿಂಗಳು ವಯಸ್ಸಿನ ಕೂದಲು. ಅದು ಕೆಟ್ಟಿದ್ದರೂ ಕತ್ತರಿಯಲ್ಲಿ ಮುಗಿಯುತ್ತಿತ್ತು, ಮುಗಿಯಿತು ಕೂಡ. ಕಾಫಿಹೂ ಅವರದು ಬೇರೆ ಲೆಕ್ಕ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಸೊಂಟದವರೆಗಿನ ಕೂದಲಿನ ತುದಿಗೆ ಐದಾರು ವರ್ಷ ವಯಸ್ಸಾಗಿರುತ್ತದೆ. ಆ ತುದಿ ಐದಾರು ಮಳೆಗಾಲ, ಐದಾರು ಬೇಸಿಗೆ, ಸಾವಿರಾರು ಸಲದ ಬಾಚುವಿಕೆಯನ್ನು ಕಂಡಿದೆ. ಬುಡದ ಹೊಸ ಕೂದಲು ತಡೆಯುವಷ್ಟು ಬ್ಲೀಚನ್ನು ಅದು ತಡೆಯುವುದಿಲ್ಲ.

ನಾನು ಕುಶಾಲನಗರದಲ್ಲಿ 14 ವರ್ಷ ಪಾರ್ಲರ್ ನಡೆಸಿದವಳು. ಬ್ಲೀಚ್ ಪುಡಿಯ ಘಾಟಿಗೆ ಕೆಮ್ಮು ಹತ್ತಿಕೊಂಡದ್ದರಿಂದ ಈಗ ಕತ್ತರಿ ಕೆಲಸ ಮಾತ್ರ ಮಾಡುತ್ತೇನೆ, ಬಣ್ಣದ ಕೆಲಸವನ್ನು ಶಿಷ್ಯೆಯರಿಗೆ ಬಿಟ್ಟಿದ್ದೇನೆ. 40 ವಾಲ್ಯೂಮ್ ಎಂದರೆ ಶೇಕಡಾ 12ರ ಹೈಡ್ರೋಜನ್ ಪೆರಾಕ್ಸೈಡ್. 20 ವಾಲ್ಯೂಮ್ ಎಂದರೆ ಶೇಕಡಾ 6, 30 ಎಂದರೆ ಶೇಕಡಾ 9. ನೆತ್ತಿಗೆ ತಾಗುವಂತೆ ಪುಡಿ ಬ್ಲೀಚ್ ಹಚ್ಚುವಾಗ 20ರ ಮೇಲೆ ಹೋಗಬಾರದೆಂದೇ ನಾನು ಹುಡುಗಿಯರಿಗೆ ಕಲಿಸುತ್ತೇನೆ. ಹೆಚ್ಚು ಸಂಖ್ಯೆ ಎಂದರೆ ಹೆಚ್ಚು ಚೆಂದ ಎಂದು ಭಾವಿಸುವವರು ಬಹಳ ಜನ. ನಿಜವಾಗಿ ಹೆಚ್ಚುವುದು ವೇಗ, ಅದರ ಜೊತೆಗೆ ಸುಡುವ ಅಪಾಯ.

ಕಾಫಿಹೂ ಅವರೇ, ಉಳಿದದ್ದನ್ನು ಬರೆಯುವ ಮೊದಲು ನನಗೆ ಒಂದು ವಿಷಯ ತಿಳಿಯಬೇಕು. ಕಳೆದ ಐದು ವರ್ಷಗಳಲ್ಲಿ ನಿಮ್ಮ ಕೂದಲಿಗೆ ಏನೇನು ಹಚ್ಚಿದ್ದೀರಿ? ಎಣ್ಣೆ, ಸೀಗೆ ಬಿಟ್ಟು.

ನಿವೃತ್ತ ಮೇಷ್ಟ್ರು (28 ಜುಲೈ)

ರಸಾಯನಶಾಸ್ತ್ರವನ್ನು 31 ವರ್ಷ ಪಾಠ ಮಾಡಿದವನಿಗೆ ಪೆರಾಕ್ಸೈಡ್ ಹೆಸರು ಕೇಳಿದರೆ ಸುಮ್ಮನಿರಲು ಸಾಧ್ಯವಿಲ್ಲವಾದ್ದರಿಂದ ಒಂದೆರಡು ಮಾತು ಬರೆಯುತ್ತೇನೆ. ಕಪ್ಪು ಕೂದಲಿನ ಮೇಲೆ ಹೊಂಬಣ್ಣವನ್ನು ಬಳಿಯಲು ಆಗುವುದಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಕಪ್ಪು ಹಲಗೆಯ ಮೇಲೆ ಹಳದಿ ಸೀಮೆಸುಣ್ಣದಿಂದ ಬರೆಯಬಹುದು, ಆದರೆ ಕೂದಲಿನ ಬಣ್ಣ ಹಲಗೆಯ ಬಣ್ಣದಂತೆ ಮೇಲ್ಮೈಯಲ್ಲಿರುವುದಿಲ್ಲ. ಅದು ಹೊರಪದರದ ಕೆಳಗೆ, ಎಳೆಯ ಒಡಲೊಳಗೆ, ಮೆಲನಿನ್ ಎಂಬ ವರ್ಣದ್ರವ್ಯದ ಸೂಕ್ಷ್ಮ ಕಣಗಳಾಗಿ ಹುದುಗಿರುತ್ತದೆ. ಮೆಲನಿನ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಕಪ್ಪು-ಕಂದು ಬಣ್ಣ ಕೊಡುವುದು ಯೂಮೆಲನಿನ್, ಕೆಂಪು-ಹಳದಿ ಕೊಡುವುದು ಫಿಯೋಮೆಲನಿನ್. ನಮ್ಮವರ ಕೂದಲಿನಲ್ಲಿ ಮೊದಲನೆಯದೇ ಬಹುಪಾಲು. ಹೊಂಬಣ್ಣ ಬೇಕೆಂದರೆ ಈ ಕಣಗಳನ್ನು ಒಳಗೇ ಒಡೆದು ಹೊರಗೆ ಹಾಕಬೇಕು.

ಪಾರ್ಲರಿನವರು ಕಲಸುವ ಮಿಶ್ರಣದಲ್ಲಿ ಕ್ಷಾರವು ಕೂದಲನ್ನು ಉಬ್ಬಿಸಿ ಹೊರಪದರದ ಹೆಂಚುಗಳಂತಹ ಪದರುಗಳನ್ನು ಎತ್ತುತ್ತದೆ. ಪೆರಾಕ್ಸೈಡ್ ಒಳನುಗ್ಗಿ ಮೆಲನಿನನ್ನು ಉತ್ಕರ್ಷಿಸುತ್ತದೆ. ಪುಡಿಯಲ್ಲಿರುವ ಪರ್‌ಸಲ್ಫೇಟ್ ಲವಣಗಳು ಆ ಕೆಲಸವನ್ನು ತೀವ್ರಗೊಳಿಸುತ್ತವೆ. ಆದರೆ ಉತ್ಕರ್ಷಣಕ್ಕೆ ಬಣ್ಣ ಯಾವುದು, ಎಳೆಯ ಬಲ ಯಾವುದು ಎಂಬ ಭೇದವಿಲ್ಲ. ಕೂದಲಿನ ಕೆರಟಿನ್ ಪ್ರೋಟೀನಿಗೆ ಗಟ್ಟಿತನ ಕೊಡುವ ಗಂಧಕದ ಬಂಧಗಳನ್ನೂ ಅದು ಮುರಿಯುತ್ತದೆ, ಹಾಗೆ ಮುರಿದವುಗಳಲ್ಲಿ ಬಹಳಷ್ಟು ಹಿಂದಿನಂತೆ ಕೂಡಿಕೊಳ್ಳುವುದಿಲ್ಲ. ಫ್ರಾನ್ಸಿನ ಥೆನಾರ್ ಈ ಪೆರಾಕ್ಸೈಡನ್ನು ಮೊದಲು ತಯಾರಿಸಿದ್ದು 1818ರಲ್ಲಿ. ಎರಡು ಶತಮಾನ ಕಳೆದರೂ ಕಪ್ಪು ಕೂದಲನ್ನು ತಿಳಿಯಾಗಿಸುವ ಕೆಲಸಕ್ಕೆ ಅದನ್ನು ಹಿಂದಕ್ಕೆ ಹಾಕುವ ದ್ರವ್ಯ ಪಾರ್ಲರುಗಳಿಗೆ ಬಂದಿಲ್ಲ.

ಇನ್ನೊಂದು ಸಣ್ಣ ವಿವರ. 20 ವಾಲ್ಯೂಮ್ ಎಂಬ ಹೆಸರು ಹೇಗೆ ಬಂತೆಂದು ಪಾರ್ಲರಿನಲ್ಲಿ ಕೇಳಿದರೆ ಹೇಳುವವರು ಕಡಿಮೆ. ಆ ದ್ರಾವಣದ ಒಂದು ಲೀಟರ್ ಪೂರ್ತಿ ವಿಭಜನೆಯಾದರೆ ಸುಮಾರು 20 ಲೀಟರ್ ಆಮ್ಲಜನಕ ಹೊರಬರುತ್ತದೆ ಎಂದು ಅದರ ಅರ್ಥ.

ಕಾಫಿಹೂ (28 ಜುಲೈ)

ಮೇಷ್ಟ್ರಿಗೆ ಧನ್ಯವಾದಗಳು. ಬಾಚಣಿಗೆ ಅಕ್ಕನವರ ಪ್ರಶ್ನೆಗೆ ಉತ್ತರಿಸಲು ಸ್ವಲ್ಪ ಸಂಕೋಚವಾಗುತ್ತಿದೆ, ಏಕೆಂದರೆ ಮೊದಲ ಬರಹದಲ್ಲಿ ಕೂದಲು ಕಪ್ಪು ಎಂದದ್ದು ಅರ್ಧ ಸತ್ಯ. 32ರಿಂದಲೇ ಕಿವಿಯ ಪಕ್ಕದಲ್ಲಿ, ಬೈತಲೆಯ ಉದ್ದಕ್ಕೂ ಬಿಳಿ ಕೂದಲು ಕಾಣಿಸಿಕೊಂಡಿತ್ತು. ಮೊದಲೆರಡು ವರ್ಷ ಹಿತ್ತಲಿನ ಮದರಂಗಿ ಸೊಪ್ಪನ್ನು ಅರೆದು ಹಚ್ಚಿಕೊಂಡೆ. ಅದು ಬಿಳಿಯನ್ನು ಕಿತ್ತಳೆ ಮಾಡುತ್ತಿತ್ತೇ ಹೊರತು ಕಪ್ಪು ಮಾಡುತ್ತಿರಲಿಲ್ಲವಾದ್ದರಿಂದ ಆಮೇಲೆ ಪೇಟೆಯ ಅಂಗಡಿಯಿಂದ ಕಪ್ಪು ಮೆಹಂದಿ ಪುಡಿಯ ಪೊಟ್ಟಣ ತಂದು ಒಂದೂವರೆ ವರ್ಷ ಹಚ್ಚಿದೆ. ಹಚ್ಚುವಾಗ ಬುಡಕ್ಕೆ ಮಾತ್ರವಲ್ಲ, ಇಡೀ ಕೂದಲಿಗೆ ಹಚ್ಚುತ್ತಿದ್ದೆ. ನಿಲ್ಲಿಸಿ ಸುಮಾರು ಎಂಟು ತಿಂಗಳಾಯಿತು. ಬ್ಲಾಂಡ್ ಆದರೆ ಬಿಳಿ ಕೂದಲು ಎದ್ದು ಕಾಣುವುದಿಲ್ಲ ಎಂಬ ಲೆಕ್ಕಾಚಾರವೂ ನನ್ನ ಆಸೆಯ ಹಿಂದೆ ಇದೆ.

ಬಾಚಣಿಗೆ (28 ಜುಲೈ)

ನೀವು ಇದನ್ನು ಹೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಇಡೀ ವಿಷಯ ನಿಂತಿರುವುದು ಇದರ ಮೇಲೆಯೇ. ಬಿಳಿ ಕೂದಲಿನ ಲೆಕ್ಕಾಚಾರ ತಪ್ಪಲ್ಲ. ತಿಳಿ ಬಣ್ಣದ ಕೂದಲಿನಲ್ಲಿ ಬಿಳಿ ಬುಡ ಅಡಗುತ್ತದೆ. ಆದರೆ ನಿಮ್ಮ ಬುಡದಲ್ಲಿ ಬಿಳಿಯ ಜೊತೆಗೆ ಕಪ್ಪೂ ಬರುತ್ತದಲ್ಲ, ಅದು ಅಡಗುವುದಿಲ್ಲ.

ಮದರಂಗಿಯ ವಿಷಯಕ್ಕೆ ಬರುತ್ತೇನೆ. ಹಿತ್ತಲಿನ ಸೊಪ್ಪಿನಲ್ಲಿರುವ ಲಾಸೋನ್ ಎಂಬ ಬಣ್ಣ ಕೆರಟಿನ್‌ಗೆ ಅಂಟಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಬ್ಲೀಚ್ ಮಾಡಿದಾಗ ಕಪ್ಪು ಹೋದರೂ ಇಟ್ಟಿಗೆ ಕೆಂಪು ಹಠ ಹಿಡಿದು ಕುಳಿತುಬಿಡುತ್ತದೆ. ಪೊಟ್ಟಣದ ಕಪ್ಪು ಮೆಹಂದಿಯದು ಇದಕ್ಕಿಂತ ಕಷ್ಟ, ಏಕೆಂದರೆ ಅದರಲ್ಲಿ ಏನಿದೆ ಎಂಬುದೇ ಗೊತ್ತಿರುವುದಿಲ್ಲ. ನೀಲಿಸೊಪ್ಪಿನ ಪುಡಿ ಇದ್ದರೆ ಬ್ಲೀಚಿಗೆ ಹಸಿರು ಛಾಯೆ ಹೊರಡಬಹುದು. ಪಿಪಿಡಿ ಎಂಬ ಕೃತಕ ಬಣ್ಣವಿದ್ದರೆ ಅದರ ವರ್ತನೆಯೇ ಬೇರೆ. ಲೋಹದ ಲವಣಗಳು ಸೇರಿದ್ದರಂತೂ ಪೆರಾಕ್ಸೈಡ್ ತಾಗಿದೊಡನೆ ಕೂದಲು ಕಾಯುತ್ತದೆ, ನೊರೆ ಬರುತ್ತದೆ, ಎಳೆ ಮೇಣದಂತೆ ಮೆತ್ತಗಾಗಿ ತುಂಡಾಗುತ್ತದೆ. ನಾನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಆ ಹುಡುಗಿ ಬರೀ ಮೆಹಂದಿ ಎಂದಿದ್ದಳು, ನಾನೂ ನಂಬಿದೆ. ಅಂದಿನಿಂದ ಎಳೆ ಪರೀಕ್ಷೆ ಇಲ್ಲದೆ ಯಾರ ತಲೆಯನ್ನೂ ಮುಟ್ಟಿಲ್ಲ.

ನೀವು ಮನೆಯಲ್ಲೇ ಇದನ್ನು ನೋಡಬಹುದು. ಬಾಚುವಾಗ ಉದುರಿದ ಕೂದಲಿನಿಂದ ಹಳೆಯ, ಮೆಹಂದಿ ಹಿಡಿದ ಉದ್ದ ಎಳೆಗಳನ್ನು ಆರಿಸಿ ದಾರದಿಂದ ಕಟ್ಟಿ. ಗಾಜಿನ ಲೋಟದಲ್ಲಿ 20 ವಾಲ್ಯೂಮ್ ಡೆವಲಪರಿಗೆ ಕೆಲವು ಹನಿ ಅಮೋನಿಯಾ ದ್ರಾವಣ ಸೇರಿಸಿ, ಕಿಟಕಿ ತೆರೆದಿಟ್ಟು, ಎಳೆಗಳನ್ನು ಅರ್ಧ ಗಂಟೆ ಅದ್ದಿಡಿ. ಲೋಟ ಬಿಸಿಯಾದರೆ, ನೊರೆ ಎದ್ದರೆ, ಕೆಟ್ಟ ವಾಸನೆ ಬಂದರೆ ಆ ಕೂದಲು ತಲೆಯ ಮೇಲಿರುವವರೆಗೂ ಬ್ಲೀಚ್ ಎಂಬ ಪದವನ್ನೇ ಮರೆತುಬಿಡಿ. ಸುಮ್ಮನಿದ್ದರೆ ಮಾತ್ರ ಬ್ಲೀಚ್ ಪುಡಿಯಿಂದ ಇನ್ನೊಂದು ಪರೀಕ್ಷೆಗೆ ಹೋಗಬಹುದು.

ಗಾಳಿಬೀಡಿನ ಮಳೆ (30 ಜುಲೈ)

ನಾನು ಮೂರು ವರ್ಷದ ಹಿಂದೆ ಪೂರ್ತಿ ಬ್ಲಾಂಡ್ ಮಾಡಿಸಿ ಒಂದು ಇಡೀ ಮಳೆಗಾಲವನ್ನು ಗಾಳಿಬೀಡಿನ ಮನೆಯಲ್ಲಿ ಕಳೆದವಳು. ಹಾಗಾಗಿ ನಿಮ್ಮ ಪ್ರಶ್ನೆ ನನಗೇ ಕೇಳಿದಂತಿದೆ. ನನ್ನದು ಹೆಗಲುದ್ದದ ಕೂದಲು, ಹಿಂದೆ ಏನನ್ನೂ ಹಚ್ಚಿರಲಿಲ್ಲ. ಮೈಸೂರಿನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮೂರು ಸಲ ಕುಳಿತೆ. ಮೊದಲ ಸಲ ಕೆಂಪು-ಕಿತ್ತಳೆ, ಎರಡನೆಯದರಲ್ಲಿ ಕಿತ್ತಳೆ-ಹಳದಿ, ಮೂರನೆಯದರಲ್ಲಿ ಬಾಳೆಹಣ್ಣಿನ ಸಿಪ್ಪೆಯ ಒಳಭಾಗದ ಹಳದಿ. ಆಮೇಲೆ ಉಳಿದ ಹಳದಿಯನ್ನು ತಗ್ಗಿಸುವ ಟೋನರ್. ಹೋಗಿಬರುವ ಖರ್ಚೂ ಸೇರಿ ನನಗೆ 17 ಸಾವಿರ ರೂಪಾಯಿ ತಗುಲಿತು. ಮೇ ತಿಂಗಳಿನಲ್ಲಿ ಕುಟುಂಬಗಳ ಹಾಕಿ ಪಂದ್ಯ ನೋಡಲು ಹೋದಾಗ ಬಿಸಿಲಿನಲ್ಲಿ ಅದು ಹೊಳೆಯುತ್ತಿದ್ದ ಚೆಂದವನ್ನು ನಾನು ಇಂದಿಗೂ ಮರೆತಿಲ್ಲ, ಅದನ್ನು ಮಾಡಿಸಿದ್ದಕ್ಕೆ ಪಶ್ಚಾತ್ತಾಪವೂ ಇಲ್ಲ.

ಕಷ್ಟ ಶುರುವಾದದ್ದು ಜೂನ್ ಎರಡನೆಯ ವಾರದಿಂದ. ಬ್ಲೀಚ್ ಆದ ಕೂದಲು ಹತ್ತಿಯಂತೆ ನೀರು ಹೀರುತ್ತದೆ ಮತ್ತು ಬಿಡುವುದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ. ಗಾಳಿಬೀಡಿನ ಬಗ್ಗೆ ಹೇಳುವುದೇ ಬೇಡ. ಬೆಳಿಗ್ಗೆ ತೊಳೆದ ಕೂದಲು ರಾತ್ರಿ ಮಲಗುವಾಗಲೂ ಒದ್ದೆಯಾಗಿರುತ್ತಿತ್ತು. ಒದ್ದೆಯಾದಾಗ ಎಳೆ ರಬ್ಬರಿನಂತೆ ಎಳೆಯುತ್ತದೆ, ಆಗ ಬಾಚಿದರೆ ತುಂಡಾಗುತ್ತದೆ. ಡ್ರೈಯರ್ ಇತ್ತು, ವಿದ್ಯುತ್ ಇರಲಿಲ್ಲ. ಕೊನೆಗೆ ಅಜ್ಜಿ ಹೇಳಿದಂತೆ ಒಲೆಯ ಮುಂದೆ ಕುಳಿತು ಒಣಗಿಸಿದೆ. ಕೂದಲು ಒಣಗಿತು, ಜೊತೆಗೆ ಹೊಗೆಯ ವಾಸನೆ ಮತ್ತು ಮಂಕು ಬಣ್ಣ ಎರಡೂ ಹಿಡಿದವು.

ಇನ್ನೊಂದು ವಿಚಿತ್ರ. ಜುಲೈ ಕೊನೆಯ ಹೊತ್ತಿಗೆ ನನ್ನ ಕೂದಲಿನ ಕೆಳಭಾಗ ತಿಳಿ ಹಸಿರಾಯಿತು. ಪಾಚಿ ಹಿಡಿದ ಹೆಂಚಿನ ಬಣ್ಣ ಎಂದರೆ ನಮ್ಮ ಕಡೆಯವರಿಗೆ ಅರ್ಥವಾಗುತ್ತದೆ. ಈಜುಕೊಳಕ್ಕೆ ಹೋದವರಿಗೆ ಕ್ಲೋರಿನ್‌ನಿಂದ ಹಾಗಾಗುತ್ತದೆ ಎಂದು ಪಾರ್ಲರಿನವರು ಹೇಳಿದರು, ಆದರೆ ನಾನು ಈಜುಕೊಳ ನೋಡಿ ಹತ್ತು ವರ್ಷವಾಗಿತ್ತು. ಇಂದಿಗೂ ಕಾರಣ ತಿಳಿದಿಲ್ಲ.

ನಿವೃತ್ತ ಮೇಷ್ಟ್ರು (30 ಜುಲೈ)

ಒಂದು ಪ್ರಶ್ನೆ. ನಿಮ್ಮ ಬಚ್ಚಲುಮನೆಯಲ್ಲಿ ನೀರು ಕಾಯಿಸುವುದು ಯಾವುದರಲ್ಲಿ?

ಗಾಳಿಬೀಡಿನ ಮಳೆ (30 ಜುಲೈ)

ತಾಮ್ರದ ಹಂಡೆಯಲ್ಲಿ, ಮೇಷ್ಟ್ರೇ. ಅಜ್ಜಿಯ ಕಾಲದ್ದು, ಒಲೆಗೆ ಸೇರಿಸಿ ಕಟ್ಟಿದ್ದು.

ನಿವೃತ್ತ ಮೇಷ್ಟ್ರು (30 ಜುಲೈ)

ಹಾಗಾದರೆ ಕಾರಣ ಸಿಕ್ಕಿತು. ಈಜುಕೊಳದಲ್ಲಿಯೂ ಕೂದಲನ್ನು ಹಸಿರು ಮಾಡುವುದು ಕ್ಲೋರಿನ್ ಅಲ್ಲ, ನೀರಿನಲ್ಲಿ ಕರಗಿರುವ ತಾಮ್ರ. ಕ್ಲೋರಿನ್ ಅದಕ್ಕೆ ನೆರವಾಗಬಹುದು, ಅಷ್ಟೇ. ಮಳೆಯ ನೀರಿನಂತಹ ಮೆದು, ಸ್ವಲ್ಪ ಆಮ್ಲೀಯ ನೀರು ತಾಮ್ರವನ್ನು ಕರಗಿಸುವುದರಲ್ಲಿ ಗಡಸು ನೀರಿಗಿಂತ ಮುಂದು. ರಾತ್ರಿ ತುಂಬಿಟ್ಟು ಬೆಳಿಗ್ಗೆ ಕಾಯಿಸಿದ ಹಂಡೆಯ ನೀರಿನಲ್ಲಿ ಅದಕ್ಕೆ ಸಮಯವೂ ಸಿಗುತ್ತದೆ, ಬಿಸಿಯೂ ಸಿಗುತ್ತದೆ. ಬ್ಲೀಚ್ ಮಾಡಿದಾಗ ಗಂಧಕದ ಬಂಧಗಳು ಮುರಿದು ಉಂಟಾಗುವ ಋಣ ವಿದ್ಯುದಂಶದ ಗುಂಪುಗಳು ತಾಮ್ರದ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಪ್ಪು ಕೂದಲಿನಲ್ಲಿ ತಾಮ್ರ ಕುಳಿತರೂ ಕಣ್ಣಿಗೆ ಕಾಣುವುದಿಲ್ಲ, ಹಳದಿಯ ಮೇಲೆ ಹಸಿರಾಗಿ ತೋರುತ್ತದೆ. ನಿಮ್ಮ ಅಜ್ಜಿ ಅದೇ ಹಂಡೆಯ ನೀರಿನಲ್ಲಿ ಬದುಕಿನುದ್ದಕ್ಕೂ ಮಿಂದಿದ್ದರೂ ಇದು ಯಾರ ಗಮನಕ್ಕೂ ಬರಲಿಲ್ಲವೆಂದರೆ ಅದಕ್ಕೆ ಇದೇ ಕಾರಣ.

ಇಡಿಟಿಎ ಎಂಬ ದ್ರವ್ಯವಿರುವ, ಲೋಹ ತೆಗೆಯುವ ಶಾಂಪೂಗಳು ಈ ಹಸಿರನ್ನು ಬಹುಮಟ್ಟಿಗೆ ಇಳಿಸುತ್ತವೆ. ಅದಕ್ಕಿಂತ ಸುಲಭವೆಂದರೆ ತಲೆಗೆ ಮಾತ್ರ ಬೇರೆ ಸ್ಟೀಲ್ ಪಾತ್ರೆಯಲ್ಲಿ ನೀರು ಕಾಯಿಸುವುದು.

ಕಾಫಿಹೂ (31 ಜುಲೈ)

ನಮ್ಮ ಮನೆಯಲ್ಲಿಯೂ ತಾಮ್ರದ ಹಂಡೆಯೇ. ಅದರ ಜೊತೆಗೆ ತೋಟದ ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದಂಶವೂ ಇದೆ. ಬಕೆಟ್ಟಿನ ತಳದಲ್ಲಿ ವಾರಕ್ಕೊಮ್ಮೆ ಕೆಂಪು ಗಸಿ ಉಜ್ಜಬೇಕು. ಒಂದರಿಂದ ಹಸಿರು, ಇನ್ನೊಂದರಿಂದ ತುಕ್ಕು ಎಂದಾದರೆ ನನ್ನ ತಲೆ ಯಾವ ಬಾವುಟವಾಗುತ್ತದೋ ತಿಳಿಯದು.

ಶುಶ್ರೂಷಕಿ (1 ಆಗಸ್ಟ್)

ಇಲ್ಲಿಯವರೆಗಿನ ಚರ್ಚೆ ಕೂದಲಿನ ಬಗ್ಗೆಯೇ ನಡೆದಿದೆ, ಚರ್ಮದ ಬಗ್ಗೆ ಯಾರೂ ಎತ್ತಿಲ್ಲ. ಕೂದಲು ಸತ್ತ ಎಳೆ, ಕೆಟ್ಟರೆ ಮತ್ತೆ ಬೆಳೆಯುತ್ತದೆ. ಅಲರ್ಜಿ ಒಮ್ಮೆ ಬಂದರೆ ಹೆಚ್ಚಾಗಿ ಜೀವನಪೂರ್ತಿ ಉಳಿಯುತ್ತದೆ. ಕಪ್ಪು ಮೆಹಂದಿ ಎಂಬ ಹೆಸರಿನಲ್ಲಿ ಸಿಗುವ ಹಲವು ಪುಡಿಗಳಲ್ಲಿ ಪಿಪಿಡಿ ಇರುತ್ತದೆ. ಅದಕ್ಕೆ ದೇಹ ಒಮ್ಮೆ ಒಗ್ಗದೆ ಹೋದರೆ ಮುಂದಿನ ಸಲ ಯಾವ ಕೂದಲು ಬಣ್ಣ ತಾಗಿದರೂ ಪ್ರತಿಕ್ರಿಯೆ ಜೋರಾಗಬಹುದು. ನನ್ನ ಸೋದರತ್ತೆಗೆ ಹಾಗಾಗಿ ಎರಡೂ ಕಣ್ಣಿನ ರೆಪ್ಪೆಗಳು ಊದಿ ಮುಚ್ಚಿಹೋಗಿದ್ದವು. ಅವರು ಅದಕ್ಕೆ ಮುಂಚೆ ಆರು ವರ್ಷ ಅದೇ ಪುಡಿಯನ್ನು ಯಾವ ತೊಂದರೆಯೂ ಇಲ್ಲದೆ ಬಳಸಿದ್ದರು ಎಂಬುದನ್ನು ಗಮನಿಸಬೇಕು.

ಬ್ಲೀಚ್ ಪುಡಿಯಲ್ಲಿ ಪಿಪಿಡಿ ಇರುವುದಿಲ್ಲ ನಿಜ, ಆದರೆ ಟೋನರುಗಳಲ್ಲಿ ಕೆಲವು ಅದೇ ಜಾತಿಯ ಬಣ್ಣಗಳಿಂದ ಮಾಡಿದವು. ಪರ್‌ಸಲ್ಫೇಟಿನಿಂದ ಕೆಲವರಿಗೆ ಮೈಯೆಲ್ಲ ದದ್ದು ಏಳುತ್ತದೆ, ಉಬ್ಬಸ ಬರುತ್ತದೆ. ಬಾಚಣಿಗೆ ಅವರ ಕೆಮ್ಮು ಅದೇ ಕೆಲಸ ಮಾಡುವವರಲ್ಲಿ ಕಾಣುವ ತೊಂದರೆ. ಬಳಸುವ ಎಲ್ಲವನ್ನೂ 48 ಗಂಟೆ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈ ಮಡಿಕೆಯಲ್ಲಿ, ತಯಾರಕರು ಹೇಳಿದ ಪ್ರಮಾಣದಲ್ಲಿ ಹಚ್ಚಿ ನೋಡಲೇಬೇಕು. ಮುಖ ಊದಿದರೆ, ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಕ್ಯಾನ್ಸರ್ ಭಯದ ಬಗ್ಗೆಯೂ ಜನ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 2010ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಕ್ಷೌರಿಕ ಹಾಗೂ ಕೇಶವಿನ್ಯಾಸದ ವೃತ್ತಿಯಲ್ಲಿರುವವರಿಗೆ ಆಗುವ ಸಂಪರ್ಕವನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗದಲ್ಲಿ ಇರಿಸಿತು. ಸ್ವಂತಕ್ಕೆ ಬಣ್ಣ ಹಾಕಿಕೊಳ್ಳುವವರ ವಿಷಯದಲ್ಲಿ ವರ್ಗೀಕರಿಸಲು ಪುರಾವೆ ಸಾಲದು ಎಂದಿತು. ಹಾಕುವವರ ಮತ್ತು ಹಾಕಿಸಿಕೊಳ್ಳುವವರ ಅಪಾಯ ಒಂದೇ ಅಲ್ಲ ಎಂಬಷ್ಟನ್ನು ಇದರಿಂದ ತಿಳಿಯಬಹುದು.

ದೊಡ್ಡಮ್ಮ (2 ಆಗಸ್ಟ್)

ನಾನು ಎಲ್ಲವನ್ನೂ ಓದಿದೆ. ನನಗೆ 68. ಕಾಫಿಹೂ, ನಿನಗೆ ಬಿಳಿ ಕೂದಲು ಮುಚ್ಚಬೇಕಾಗಿದೆಯೋ, ಹಳದಿ ಕೂದಲು ಬೇಕಾಗಿದೆಯೋ ಎಂಬುದನ್ನು ಮೊದಲು ನಿನ್ನೊಳಗೆ ಬೇರ್ಪಡಿಸಿಕೊ. ಮೊದಲನೆಯದಾದರೆ ಇಷ್ಟು ದೊಡ್ಡ ಮದ್ದು ಬೇಕಾಗಿಲ್ಲ. ಎರಡನೆಯದಾದರೆ ಮಾಡು, ಆದರೆ ಮದುವೆಗೆ ಮುಂಚೆ ಬೇಡ. ಜನರ ಮಾತಿಗೆ ಹೆದರಿ ಹೇಳುತ್ತಿಲ್ಲ. ಸುಗ್ಗಿಯ ಹಬ್ಬ ಪುತ್ತರಿಗೆ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರಿದಾಗ ನಮ್ಮ ತಮ್ಮನ ಸೊಸೆ ನೇರಳೆ ಬಣ್ಣದ ಕೂದಲಿನಲ್ಲಿ ಬಂದಿದ್ದಳು. ಕದಿರು ತೆಗೆಯುವ ಹೊತ್ತಿಗೆ ಎಲ್ಲರೂ ಅದನ್ನು ಮರೆತಿದ್ದರು. ಆದರೆ ಕೂದಲು ಅರ್ಧಂಬರ್ಧ ಆಗಿ, ಕಿತ್ತಳೆಯಲ್ಲಿ ನಿಂತುಹೋದರೆ ಮದುಮಗಳ ಫೋಟೋಗಳಲ್ಲೆಲ್ಲ ನೀನೇ ಕಾಣುತ್ತೀಯೆ.

ನಾಳೆ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಮನೆಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುವ ದಿನ. ಹಳದಿ ಇಳಿಸಲು ನೇರಳೆ ಶಾಂಪೂ ಹಾಕುತ್ತಾರೆ ಎಂದು ಸೊಸೆಯಂದಿರು ಹೇಳುವುದನ್ನು ಕೇಳಿದ್ದೇನೆ. ನಮ್ಮ ಮದ್ದು ಸೊಪ್ಪಿನ ನೇರಳೆ ನೀರು ಆಗುವುದಿಲ್ಲವೇ ಎಂದು ಮೇಷ್ಟ್ರು ಹೇಳಲಿ.

ನಿವೃತ್ತ ಮೇಷ್ಟ್ರು (2 ಆಗಸ್ಟ್)

ದೊಡ್ಡಮ್ಮನವರ ಪ್ರಶ್ನೆ ತಮಾಷೆಯಂತೆ ಕಂಡರೂ ತರ್ಕ ಸರಿಯಾಗಿದೆ. ವರ್ಣಚಕ್ರದಲ್ಲಿ ಹಳದಿಗೆ ಎದುರು ನಿಲ್ಲುವುದು ನೇರಳೆ, ಕಿತ್ತಳೆಗೆ ಎದುರು ನೀಲಿ. ಎದುರು ಬಣ್ಣವನ್ನು ತೆಳುವಾಗಿ ಸೇರಿಸಿದರೆ ಎರಡೂ ಒಂದನ್ನೊಂದು ತಗ್ಗಿಸಿ ತಟಸ್ಥವಾಗಿ ಕಾಣುತ್ತವೆ. ಟೋನರು, ನೇರಳೆ ಶಾಂಪೂ ಎರಡರ ತತ್ವವೂ ಇದೇ. ಆದರೆ ಆ ಶಾಂಪೂಗಳಲ್ಲಿರುವುದು ಕೂದಲಿಗೆ ಅಂಟುವ ಗುಣಕ್ಕಾಗಿ ಆರಿಸಿದ ಬಣ್ಣ. ಮದ್ದು ಸೊಪ್ಪಿನ ಬಣ್ಣ ಪಾಯಸಕ್ಕೆ ಸರಿ. ಮರುದಿನ ಬೆಳಿಗ್ಗೆ ಅದು ಮೂತ್ರದಲ್ಲಿ ಕೆಂಪಗೆ ಕಾಣಿಸಿಕೊಳ್ಳುತ್ತದೆ ಎಂಬುದು ಕೊಡಗಿನವರಿಗೆಲ್ಲ ಗೊತ್ತು. ತಲೆಗೆ ಹಚ್ಚುವ ಪ್ರಯೋಗವನ್ನು ನನ್ನ ಹೆಸರಿನಲ್ಲಿ ಮಾಡಬೇಡಿ.

ಬಾಚಣಿಗೆ (4 ಆಗಸ್ಟ್)

ದೊಡ್ಡಮ್ಮನವರು ಕೇಳಿದ್ದು ಪಾರ್ಲರಿನಲ್ಲಿ ನಾನು ಕೇಳಬೇಕಾದ ಪ್ರಶ್ನೆ. ಅದಕ್ಕೆ ಕಾಫಿಹೂ ಅವರೇ ಉತ್ತರಿಸಲಿ. ನಾನು ನಿರ್ವಹಣೆಯ ಬಗ್ಗೆ ಹೇಳುತ್ತೇನೆ, ಏಕೆಂದರೆ ಹಾಕಿಸುವ ದಿನದ ಖರ್ಚನ್ನು ಮಾತ್ರ ಎಣಿಸಿ ಬರುವವರೇ ಹೆಚ್ಚು.

ನಾವು ಕೂದಲಿನ ಗಾಢತೆಯನ್ನು ಒಂದರಿಂದ ಹತ್ತರವರೆಗೆ ಎಣಿಸುತ್ತೇವೆ. ಒಂದು ಎಂದರೆ ಕಡುಗಪ್ಪು, ಹತ್ತು ಎಂದರೆ ತೀರಾ ತಿಳಿಯಾದ ಬ್ಲಾಂಡ್. ನಮ್ಮ ಕಡೆಯವರ ಕೂದಲು ಸಾಮಾನ್ಯವಾಗಿ ಎರಡರ ಆಚೀಚೆ. ನೀವು ಚಿತ್ರಗಳಲ್ಲಿ ನೋಡುವ ಬ್ಲಾಂಡ್ ಒಂಬತ್ತು, ಹತ್ತು. ಅಷ್ಟು ಮೆಟ್ಟಿಲನ್ನು ಒಂದೇ ದಿನದಲ್ಲಿ ಹತ್ತಿಸುತ್ತೇನೆ ಎನ್ನುವವರ ಹತ್ತಿರ ಹೋಗಬೇಡಿ. ಹತ್ತಿದ ಮೇಲೆ ಅಲ್ಲಿ ನಿಲ್ಲುವುದಕ್ಕೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಬುಡಕ್ಕೆ ಬ್ಲೀಚ್ ಮಾಡಿಸಬೇಕು. ತಡವಾದರೆ ಇನ್ನೊಂದು ತೊಂದರೆ ಇದೆ. ನೆತ್ತಿಯ ಶಾಖ ತಾಗುವ ಮೊದಲ ಒಂದು ಸೆಂಟಿಮೀಟರಿನಷ್ಟು ಕೂದಲು ಬೇಗ ತಿಳಿಯಾಗುತ್ತದೆ, ಅದರಾಚೆಯದು ನಿಧಾನ. ಎರಡು ಮೂರು ತಿಂಗಳು ಬಿಟ್ಟು ಬಂದರೆ ಬುಡ ಬಿಳಿ, ನಡುವೆ ಕಿತ್ತಳೆ ಪಟ್ಟಿ, ಕೆಳಗೆ ಹಳದಿ ಎಂದು ಮೂರು ಬಣ್ಣ ನಿಲ್ಲುತ್ತದೆ. ಜುಲೈ ತಿಂಗಳ ಮಳೆಯಲ್ಲಿ, ಮರ ಬಿದ್ದು ರಸ್ತೆ ಮುಚ್ಚುವ ದಿನಗಳಲ್ಲಿ ಸುಂಟಿಕೊಪ್ಪದ ತೋಟದಿಂದ ತಿಂಗಳಿಗೊಮ್ಮೆ ಹೊರಡಲು ನಿಮಗೆ ಸಾಧ್ಯವೇ ಎಂಬುದನ್ನು ನೀವೇ ಅಂದಾಜು ಮಾಡಬೇಕು.

ಇದನ್ನೆಲ್ಲ ಹೇಳಿದ್ದು ಬೇಡವೆನ್ನಲು ಅಲ್ಲ. ಆರು-ಏಳನೆಯ ಮೆಟ್ಟಿಲಿನ ಜೇನಿನ ಬಣ್ಣವನ್ನು, ಬುಡದಲ್ಲಿ ಒಂದು ಗೇಣು ಕಪ್ಪನ್ನು ಹಾಗೆಯೇ ಬಿಟ್ಟು, ಕೆಳಗಿನ ಎಳೆಗಳಿಗೆ ಮಾತ್ರ ಕೈಯಿಂದ ಹಚ್ಚಿದರೆ ನಮ್ಮ ಗೋಧಿ, ಎಣ್ಣೆಗಪ್ಪು ಮೈಬಣ್ಣಗಳಿಗೆ ಅದು ಹೊಂದುತ್ತದೆ, ಬುಡ ಬೆಳೆದರೂ ಗೆರೆ ಬೀಳುವುದಿಲ್ಲ, ನಾಲ್ಕೈದು ತಿಂಗಳು ಪಾರ್ಲರಿನ ಮುಖ ನೋಡಬೇಕಾಗಿಲ್ಲ. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ ಮಳೆನಾಡಿಗೆ ಇದೇ ಸರಿ. ಪೂರ್ತಿ ಬಿಳಿಹಳದಿ ಕೂದಲು ನನಗೆ ಚೆಂದವೆನಿಸುವುದೂ ಇಲ್ಲ. ಆದರೆ ಅದು ನನ್ನ ರುಚಿ, ಅದಕ್ಕೆ ನೀವು ಬೆಲೆ ಕೊಡಬೇಕಾಗಿಲ್ಲ.

ಗಾಳಿಬೀಡಿನ ಮಳೆ (4 ಆಗಸ್ಟ್)

ನಾನು ಬಾಚಣಿಗೆ ಅಕ್ಕನವರ ಮಾತನ್ನು ಅರ್ಧ ಒಪ್ಪುತ್ತೇನೆ. ಪೂರ್ತಿ ಬ್ಲಾಂಡ್ ಬೇಕೆನ್ನುವವರಿಗೆ ಜೇನಿನ ಬಣ್ಣ ಸಮಾಧಾನ ಕೊಡುವುದಿಲ್ಲ. ಅದು ಹೋಳಿಗೆ ಕೇಳಿದವರಿಗೆ ಚಪಾತಿ ಬಡಿಸಿದಂತೆ. ನನ್ನ ಸಲಹೆ, ಅಕ್ಟೋಬರ್ ಕೊನೆಗೆ ಶುರುಮಾಡಿ ಮೇ ತಿಂಗಳವರೆಗೆ ಇಟ್ಟುಕೊಂಡು, ಮಳೆ ಹಿಡಿಯುವ ಮೊದಲು ಗಿಡ್ಡವಾಗಿ ಕತ್ತರಿಸುವುದು. ಏಳು ತಿಂಗಳು ಸಾಕು. ಹಿಂದಿನ ರಾತ್ರಿ ತೆಂಗಿನೆಣ್ಣೆ ಹಚ್ಚಿಕೊಂಡು ಹೋಗಿ, ಅದು ಎಳೆಯೊಳಗೆ ಇಳಿದು ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡುತ್ತದೆ. ನನ್ನ ಎಣ್ಣೆ ತಲೆ ನೋಡಿ ಮೈಸೂರಿನ ಹುಡುಗಿ ಮೊದಲು ಮುಖ ಸಿಂಡರಿಸಿದಳು, ಆಮೇಲೆ ಒಪ್ಪಿದಳು.

ಕಾಫಿಹೂ (6 ಸೆಪ್ಟೆಂಬರ್)

ಒಂದು ತಿಂಗಳು ಮೌನವಾಗಿದ್ದುದಕ್ಕೆ ಕ್ಷಮೆ ಇರಲಿ. ಕೈಲ್‌ಪೊಳ್ದ್ ಹಬ್ಬದ ಮರುದಿನ ಮಳೆ ಸ್ವಲ್ಪ ಹೊಳವಾದಾಗ ಕುಶಾಲನಗರಕ್ಕೆ ಹೋಗಿ ಡೆವಲಪರ್, ಅಮೋನಿಯಾ, ಬ್ಲೀಚ್ ಪುಡಿ ಮೂರನ್ನೂ ತಂದು ಹಳೆಯ ಕಾಫಿ ಕಣದ ಬಯಲಿನಲ್ಲಿ ಪರೀಕ್ಷೆ ಮಾಡಿದೆ. ಅಮ್ಮ ಛತ್ರಿ ಹಿಡಿದು ನಿಂತಿದ್ದರು.

ಲೋಟದ ಪರೀಕ್ಷೆಯಲ್ಲಿ ನೊರೆಯೂ ಬರಲಿಲ್ಲ, ಬಿಸಿಯೂ ಆಗಲಿಲ್ಲ. ಆ ಪುಡಿಯಲ್ಲಿ ಲೋಹವಿರಲಿಲ್ಲವೆಂದು ತೋರುತ್ತದೆ. ಧೈರ್ಯ ಬಂದು, ಕತ್ತಿನ ಹಿಂದಿನಿಂದ ಕತ್ತರಿಸಿದ ಒಂದು ತೆಳು ಎಳೆಗೊಂಚಲಿಗೆ 20 ವಾಲ್ಯೂಮಿನಲ್ಲಿ ಕಲಸಿದ ಬ್ಲೀಚ್ ಹಚ್ಚಿ 50 ನಿಮಿಷ ಇಟ್ಟೆ. ತೊಳೆದಾಗ ಕಂಡದ್ದು ಹೀಗಿತ್ತು. ಬುಡದ ಕಡೆಯ, ಮೆಹಂದಿ ತಾಗದ ಸುಮಾರು ಹತ್ತು ಸೆಂಟಿಮೀಟರ್ ಒಳ್ಳೆಯ ಕಿತ್ತಳೆ-ಹಳದಿಯಾಗಿ, ಗಟ್ಟಿಯಾಗಿಯೇ ಇತ್ತು. ಅದರ ಕೆಳಗೆ ಪೊಟ್ಟಣದ ಪುಡಿ ಹಿಡಿದ ಉದ್ದವು ಕೆಸರು ಹಸಿರಿನಂತಾಗಿತ್ತು. ತುದಿ ಇಟ್ಟಿಗೆ ಕೆಂಪಿನಲ್ಲಿಯೇ ನಿಂತಿತ್ತು. ಒದ್ದೆಯಲ್ಲಿ ಎಳೆದಾಗ ಬುಡದ ಭಾಗ ಹಿಂದಕ್ಕೆ ಬಂತು, ತುದಿ ಉದ್ದವಾಗಿ ಹಿಗ್ಗಿ ತುಂಡಾಯಿತು. ಕಿವಿಯ ಹಿಂದಿನ ಚರ್ಮದ ಪರೀಕ್ಷೆಯಲ್ಲಿ 48 ಗಂಟೆ ಕಳೆದರೂ ಏನೂ ಆಗಲಿಲ್ಲ.

ದೊಡ್ಡಮ್ಮ ಕೇಳಿದ ಪ್ರಶ್ನೆಯನ್ನೂ ಯೋಚಿಸಿದೆ. ನನಗೆ ಬೇಕಾಗಿರುವುದು ಹಳದಿ ಕೂದಲೇ. ಬಿಳಿಯ ವಿಷಯ ಅಮ್ಮನ ಮುಂದೆ ಹೇಳಿಕೊಳ್ಳಲು ಕಂಡುಕೊಂಡ ನೆಪವಾಗಿತ್ತು. ಹಾಗಿರುವಾಗ ಜೇನಿನ ಬಣ್ಣಕ್ಕೆ ಒಪ್ಪಿಕೊಂಡು ಮೆಹಂದಿ ಹಿಡಿದ ತುದಿಗಳಿಗೇ ಬ್ಲೀಚ್ ಹಚ್ಚಿಸುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಕೆಟ್ಟಿರುವುದು ಆ ಭಾಗವೇ. ಆದ್ದರಿಂದ ಹೀಗೆ ನಿರ್ಧರಿಸಿದ್ದೇನೆ. ಇನ್ನು ಮೆಹಂದಿಯಾಗಲಿ, ಬಣ್ಣವಾಗಲಿ ಹಚ್ಚುವುದಿಲ್ಲ. ಮದುವೆಗೆ ಬೈತಲೆಯ ಬಿಳಿ ಕಾಣುವಂತೆಯೇ ಸೊಂಟದುದ್ದದ ಜಡೆ ಹಾಕಿಕೊಂಡು ಹೋಗುತ್ತೇನೆ. ಮುಂದಿನ ವರ್ಷ ಅಕ್ಟೋಬರಿನ ಹೊತ್ತಿಗೆ ಹೊಸ ಕೂದಲು ಒಂದು ಗೇಣಿಗೂ ಹೆಚ್ಚು, ಕತ್ತು ಮುಟ್ಟುವಷ್ಟು ಆಗಿರುತ್ತದೆ. ಆಗ ಹಳೆಯದನ್ನೆಲ್ಲ ಕತ್ತರಿಸಿ ಉಳಿದದ್ದನ್ನು ಪೂರ್ತಿ ಬ್ಲಾಂಡ್ ಮಾಡಿಸುತ್ತೇನೆ. ಅಷ್ಟರೊಳಗೆ ತಲೆಗೆ ನೀರು ಕಾಯಿಸಲು ಸ್ಟೀಲಿನ ಹಂಡೆಯೊಂದನ್ನು ತರಬೇಕು.

ನಾಪೋಕ್ಲು ಹುಡುಗ (6 ಸೆಪ್ಟೆಂಬರ್)

ಕೊನೆಗೆ ಅಕ್ಕನೂ ಗಿಡ್ಡ ಕೂದಲಿಗೇ ಬಂದರು ಎಂಬುದನ್ನು ದಯವಿಟ್ಟು ಎಲ್ಲರೂ ಗಮನಿಸಬೇಕು.

ಬಾಚಣಿಗೆ (7 ಸೆಪ್ಟೆಂಬರ್)

ಕಾಫಿಹೂ ಅವರೇ, ಪರೀಕ್ಷೆ ಮಾಡಿದ ಆ ಗೊಂಚಲನ್ನು ಎಸೆಯಬೇಡಿ. ಒಣಗಿಸಿ, ಬಿಳಿ ಕಾಗದದಲ್ಲಿ ಸುತ್ತಿ, ಮೇಲೆ ದಿನಾಂಕ, 20 ವಾಲ್ಯೂಮ್, 50 ನಿಮಿಷ ಎಂದು ಬರೆದಿಡಿ. ಮುಂದಿನ ಅಕ್ಟೋಬರಿನಲ್ಲಿ ಬರುವಾಗ ಅದನ್ನು ತನ್ನಿ. ಹಿಂದಿನ ದಿನ ತಲೆ ತೊಳೆದುಕೊಳ್ಳಬೇಡಿ, ನೆತ್ತಿಯ ಜಿಡ್ಡು ಉರಿಯನ್ನು ಸ್ವಲ್ಪ ತಡೆಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಸಂಜೆಯ ಬಸ್ಸಿಗೆ ಹೊರಡಬಹುದು, ಊಟ ನಮ್ಮಲ್ಲೇ.